ಚಿತ್ರ ಅಂಟಿಸಿದ ಮೇಲೆ ಖಾದಿ ಇಟ್ಟು ಒತ್ತಿ

ಅಕ್ಕನ ಮಗಳ ಕುಬಸಕ್ಕೆ (ಸೀಮಂತಕ್ಕೆ) ಬಂದವರಿಗೆ ಕೊಡಲು ನಲವತ್ತು ಕಾಟನ್ ಚೀಲ ಮಾಡಿದ್ದೆ. ಮೇಲೆ ಪ್ರಿಂಟ್ ಹಾಳೆಯಿಂದ ಬಿಸಿಯೊತ್ತಿ ಅಂಟಿಸಿದ ಕಸೂತಿಯ ತೇರಿನ ಚಿತ್ರ. ಧಾರವಾಡದ ದೊಡ್ಡವ್ವ ಒಂದು ಚೀಲ ಎತ್ತಿಕೊಂಡು, ತೇರಿನ ಮೇಲೆ ಬೆರಳಾಡಿಸಿ, "ಬಿಸ್ಕೀಟ್ ಪಾಕೀಟ ಹಚ್ಚಿದಂಗ ಐತಲ್ಲೋ ಇದು" ಅಂದರು. ಸರಿಯಾಗೇ ಹೇಳಿದ್ದರು. ಎಳೆ ಎಣಿಸಿ ಗವಂತಿ, ಮುರ್ಗಿ ಅನ್ನುವ ಕಸೂತಿ ಹೊಲಿಗೆ ಹಾಕಿದ ಕೈಗೆ ಆ ನುಣುಪು ಹಿಡಿಸುವುದಾದರೂ ಹೇಗೆ?

ಆಮೇಲೆ ಗೊತ್ತಾಯಿತು, ನಾನು ಕೊನೆಯ ಒಂದು ಹೆಜ್ಜೆ ಬಿಟ್ಟಿದ್ದೆ. ಅದನ್ನೂ ಸೇರಿಸಿ ಹೇಳುತ್ತೇನೆ.

ಮೊದಲು ಹಾಳೆ. ಹುಬ್ಬಳ್ಳಿಯಲ್ಲಿ ಟೀ ಶರ್ಟ್ ಪ್ರಿಂಟ್ ಮಾಡುವವರ ಹತ್ತಿರ ಡಿಟಿಎಫ್ (ಡೈರೆಕ್ಟ್ ಟು ಫಿಲ್ಮ್) ಪ್ರಿಂಟ್ ಕೇಳಿ. ಪ್ಲಾಸ್ಟಿಕ್ ಹಾಳೆಯ ಮೇಲೆ ಚಿತ್ರ ಅಚ್ಚಾಗಿರುತ್ತದೆ, ಅದರ ಮೇಲೆ ಬಿಸಿಗೆ ಕರಗುವ ಅಂಟಿನ ಪುಡಿ ಹಾಕಿ ಕಾಯಿಸಿರುತ್ತಾರೆ. ಮುಟ್ಟಿದರೆ ಆ ಬದಿ ತುಸು ಒರಟು. ನೀವು ಕೊಡುವ ಚಿತ್ರ ಇಂಚಿಗೆ 300 ಚುಕ್ಕಿ ಇರಲಿ, ಹಿನ್ನೆಲೆ ತೆಗೆದಿರಲಿ. ಕಸೂತಿಯಂಥ ಸಣ್ಣ ಗೆರೆಯ ಚಿತ್ರವಾದರೆ ಸ್ವಲ್ಪ ದೊಡ್ಡದು ಮಾಡಿಸಿ. ಒಂದು ಮಿಲಿಮೀಟರ್‌ಗಿಂತ ತೆಳ್ಳಗಿನ ಗೆರೆಗೆ ಪುಡಿ ಸಾಕಷ್ಟು ಹಿಡಿಯುವುದಿಲ್ಲ, ನಾಲ್ಕು ಸಲ ಒಗೆದರೆ ಏಳುತ್ತದೆ. ಹಾಳೆಯನ್ನು ಬಿಸಿಯಿದ್ದಾಗ ಕೀಳಬೇಕೋ ಆರಿದ ಮೇಲೋ, ಅದನ್ನೂ ಅಂಗಡಿಯಲ್ಲೇ ಕೇಳಿಕೊಳ್ಳಿ. ಎರಡೂ ಬಗೆ ಇವೆ.

ಅಂಗಡಿಯ ಪ್ರೆಸ್ ಆದರೆ ಸುಮಾರು 150ರಿಂದ 160 ಡಿಗ್ರಿ, ಹತ್ತು ಹದಿನೈದು ಸೆಕೆಂಡು. ಮನೆಯಲ್ಲಿ ಇಸ್ತ್ರಿ ಪೆಟ್ಟಿಗೆಯೇ ಸಾಕು. ಕಾಟನ್ ಗುರುತಿಗೆ ಇಡಿ, ಹಬೆ ಬಂದ್ ಮಾಡಿ. ಮೆತ್ತನೆಯ ಇಸ್ತ್ರಿ ಟೇಬಲ್ ಬೇಡ, ಗಟ್ಟಿ ಹಲಗೆ ಬೇಕು. ಚೀಲವನ್ನು ಐದು ಸೆಕೆಂಡು ಬಿಸಿ ಮಾಡಿ ತೇವ ಆರಿಸಿ. ಹಾಳೆಯ ಒರಟು ಬದಿ ಕೆಳಗೆ ಮಾಡಿ ಇಡಿ, ಮೇಲೊಂದು ಬಟರ್ ಪೇಪರ್ ಹಾಸಿ, ಮೈಭಾರ ಹಾಕಿ ಒತ್ತಿ. ಬಟ್ಟೆ ಇಸ್ತ್ರಿ ಮಾಡಿದ ಹಾಗೆ ಎಳೆದಾಡಬೇಡಿ, ಚಿತ್ರ ಸರಿಯುತ್ತದೆ. ಒಂದು ಕಡೆ ಹದಿನೈದು ಸೆಕೆಂಡು ಒತ್ತಿ, ಎತ್ತಿ, ಪಕ್ಕದಲ್ಲಿ ಇಡಿ. ಕೀಳುವಾಗ ಮೂಲೆ ಮೇಲೆದ್ದರೆ ಗಾಬರಿ ಬೇಡ. ಹಾಳೆ ಮತ್ತೆ ಮಲಗಿಸಿ, ಇನ್ನೊಮ್ಮೆ ಒತ್ತಿ.

ಇಲ್ಲಿಗೆ ಮುಗಿಯಿತು ಅಂದುಕೊಂಡೇ ನಾನು ಎಡವಿದ್ದು.

ಹಾಳೆ ಕಿತ್ತ ಮೇಲೆ ಇನ್ನೊಂದು ಸಲ ಒತ್ತಬೇಕು. ಬಿಸಿಗೆ ಚಿತ್ರದ ಪದರ ಮೆತ್ತಗಾಗಿರುತ್ತದೆ. ಆಗ ಅದರ ಮೇಲೆ ಏನಿಟ್ಟು ಒತ್ತುತ್ತೀರೋ ಅದರ ಮೈಯನ್ನೇ ಅದು ಹಿಡಿಯುತ್ತದೆ. ನುಣುಪಾದ ಟೆಫ್ಲಾನ್ ಹಾಳೆ ಇಟ್ಟರೆ ಹೊಳಪು, ಬಟರ್ ಪೇಪರ್ ಇಟ್ಟರೆ ಮಂಕು. ಉಬ್ಬುತಗ್ಗಿನ ವಿನ್ಯಾಸ ಇರುವ ಹಾಳೆಗಳೂ ಬರುತ್ತವೆ. ನಾನು ಮಾತ್ರ ದುಡ್ಡು ಕೊಟ್ಟು ತರಲಿಲ್ಲ. ರಾಷ್ಟ್ರಧ್ವಜದ ಬಟ್ಟೆ ನೇಯುವ ಗರಗ ಪಕ್ಕದಲ್ಲೇ ಇರುವಾಗ ಖಾದಿಗೇನು ಬರ? ಬಣ್ಣ ಹಾಕದ ದಪ್ಪ ಖಾದಿ ತುಂಡು ಇಟ್ಟು ಎಂಟು ಸೆಕೆಂಡು ಒತ್ತಿದೆ. ಸ್ವಲ್ಪ ಆರಲು ಬಿಟ್ಟು ಎತ್ತಿದರೆ ತೇರಿನ ಮೇಲೆಲ್ಲ ಅಡ್ಡ ಉದ್ದ ಎಳೆಯ ಗುರುತು! ಗೋಣಿ ತಟ್ಟು ಇಟ್ಟೂ ನೋಡಿದೆ, ಸಣ್ಣ ಗೆರೆಯ ಚಿತ್ರಕ್ಕೆ ಅದು ಜಾಸ್ತಿ ಒರಟಾಯಿತು. ದೊಡ್ಡ ಅಕ್ಷರಗಳಿಗೆ ಚೆನ್ನ. ಬಣ್ಣದ ಬಟ್ಟೆ ಮಾತ್ರ ಬೇಡ, ಬಣ್ಣ ಬಿಟ್ಟರೆ ಚಿತ್ರ ಕೆಡುತ್ತದೆ.

ಒಂದು ದಿನ ಬಿಟ್ಟು, ಒಳಮಗ್ಗಲು ಹೊರಗೆ ಮಾಡಿ ತಣ್ಣೀರಿನಲ್ಲಿ ಒಗೆಯಿರಿ. ಮತ್ತೆ, ದಯವಿಟ್ಟು ಇದನ್ನು ಕಸೂತಿ ಅಂತ ಮಾರಬೇಡಿ.

ಕಟ್ಟಿಗೆಗೆ ಇಷ್ಟೆಲ್ಲ ಬೇಡ, ಜೆರಾಕ್ಸ್ ಪ್ರತಿ ಸಾಕು. ಜೆರಾಕ್ಸ್ ಮತ್ತು ಲೇಸರ್ ಪ್ರಿಂಟಿನ ಕಪ್ಪು ಪುಡಿ ಪ್ಲಾಸ್ಟಿಕ್ ಇದ್ದ ಹಾಗೆ, ನೀರಿಗೆ ಕರಗುವುದಿಲ್ಲ. ಇಂಕ್‌ಜೆಟ್ ಆದರೆ ಕದಡಿ ಹೋಗುತ್ತದೆ. ಹಲಗೆ ಉಜ್ಜಿ ನುಣುಪು ಮಾಡಿ, ಫೆವಿಕಾಲ್ ತೆಳ್ಳಗೆ ಸವರಿ, ಚಿತ್ರ ಕೆಳಮುಖ ಮಾಡಿ ಅಂಟಿಸಿ. ಹಳೆಯ ಎಟಿಎಂ ಕಾರ್ಡಿನಿಂದ ಗುಳ್ಳೆ ತಳ್ಳಿ. ರಾತ್ರಿಯಿಡೀ ಒಣಗಲಿ. ಬೆಳಿಗ್ಗೆ ಒದ್ದೆ ಬಟ್ಟೆ ಒತ್ತಿ, ಬೆರಳಿನಿಂದ ಮೆಲ್ಲಗೆ ಉಜ್ಜಿದರೆ ಕಾಗದ ಶಾವಿಗೆಯಂತೆ ಸುರುಳಿ ಸುರುಳಿಯಾಗಿ ಬರುತ್ತದೆ. ನೀರು ಸುರಿಯಬೇಡಿ, ಅಂಟು ಮತ್ತೆ ಮೆತ್ತಗಾಗುತ್ತದೆ. ಒಣಗಿದಾಗ ಬೆಳ್ಳಗೆ ಕಂಡರೆ ಇನ್ನೊಂದು ಸಲ ಉಜ್ಜಿ, ಆಮೇಲೆ ವಾರ್ನಿಷ್. ಚಿತ್ರದ ಬಿಳಿ ಭಾಗ ಕಟ್ಟಿಗೆಯ ಬಣ್ಣವಾಗಿಯೇ ಉಳಿಯುತ್ತದೆ, ಅದೇ ಅದರ ಅಂದ.

ಆದರೆ ಪ್ರಿಂಟ್ ಕನ್ನಡಿಯಲ್ಲಿ ಕಂಡ ಹಾಗೆ ತಿರುವಿರಬೇಕು. ಡಿಟಿಎಫ್‌ನಲ್ಲಿ ಅಂಗಡಿಯವರೇ ತಿರುವಿ ಕೊಡುತ್ತಾರೆ, ಇಲ್ಲಿ ನೀವೇ ನೆನಪಿಡಬೇಕು. ನಾನು ಮೊದಲ ಹಲಗೆಗೆ 'ಗದಗ' ಅಂತ ಹಾಕಿದ್ದೆ. ಹಿಂದಿನಿಂದ ಓದಿದರೂ ಗದಗವೇ ಅಲ್ವಾ, ತಿರುವದಿದ್ದರೂ ನಡೆದೀತು ಅನ್ನುವ ಧೈರ್ಯ! ತಲೆಕಟ್ಟುಗಳೆಲ್ಲ ಎಡಕ್ಕೆ ವಾಲಿಕೊಂಡು ಬಂದವು.

ಕಪ್‌ಗೆ ಬಳಸುವ ಸಬ್ಲಿಮೇಷನ್‌ಗೆ (ಬಿಸಿಗೆ ಬಣ್ಣ ಆವಿಯಾಗಿ ಲೇಪನದೊಳಗೆ ಇಳಿಯುವ ಪ್ರಿಂಟ್) ವಿಶೇಷ ಲೇಪನ ಇರುವ ಕಪ್ ಆಗಬೇಕು, 180 ಡಿಗ್ರಿ ದಾಟುವ ಮಷಿನ್ ಬೇಕು. ಅದನ್ನು ಅಂಗಡಿಗೇ ಬಿಡಿ. ಸ್ಟೀಲ್ ಡಬ್ಬಿ, ಗಾಜಿಗೆ ಯುವಿ ಡಿಟಿಎಫ್ ಅನ್ನುವ, ಒತ್ತಿದರೆ ಅಂಟುವ ಸ್ಟಿಕ್ಕರ್ ಇದೆ, ಬಿಸಿಯೇ ಬೇಡ. ಜಿಡ್ಡು ಹೋಗುವಂತೆ ಸ್ಪಿರಿಟ್‌ನಿಂದ ಒರೆಸಿ, ಹಚ್ಚಿ, ಹೆಬ್ಬೆರಳಿನಿಂದ ಒತ್ತಿ, ಮೇಲಿನ ಹಾಳೆ ಮೆಲ್ಲಗೆ ಬಿಡಿಸಿ. ಡಬ್ಬಿಯ ಹೊರಮೈಗೆ ಮಾತ್ರ. ಒರಟು ಮಣ್ಣಿನ ಗಡಿಗೆಗೆ ಅದು ನಿಲ್ಲುವುದಿಲ್ಲ, ನೋಡಿಯಾಗಿದೆ.