ಬಂಗಾಯ್ ಕಾರ್ಡಿನಲ್ ಸಾಕುವ ಆಸೆಯೇ? ತೊಟ್ಟಿಯಲ್ಲಿ ಹುಟ್ಟಿದ ಮರಿಯನ್ನೇ ಕೇಳಿ

ಬೆಳ್ಳಿ ಮೈ, ಅದರ ಮೇಲೆ ಕಪ್ಪು ಪಟ್ಟೆ, ಉದ್ದನೆಯ ರೆಕ್ಕೆಗಳ ತುಂಬ ಬಿಳಿ ಚುಕ್ಕಿ. ಉಪ್ಪುನೀರಿನ ಮೀನುಗಳಲ್ಲಿ ನನಗೆ ಬಂಗಾಯ್ ಕಾರ್ಡಿನಲ್ ಮೇಲೆ ಪ್ರೀತಿ ಜಾಸ್ತಿ. ಅದಕ್ಕೇ ಬೆಂಗಳೂರಿನಲ್ಲಿ ಹೊಸದಾಗಿ ತೊಟ್ಟಿ ಇಡುವವರಿಗೆಲ್ಲ ಒಂದೇ ಮಾತು ಹೇಳುತ್ತೇನೆ: ಸಮುದ್ರದಿಂದ ಹಿಡಿದು ತಂದದ್ದನ್ನು ಕೊಳ್ಳಬೇಡಿ.

ಇದರ ತವರು ಇಂಡೋನೇಷ್ಯಾದ ಸುಲಾವೆಸಿ ಪಕ್ಕದ ಬಂಗಾಯ್ ದ್ವೀಪಗಳು. 1990ರ ದಶಕದಲ್ಲಿ ಅಕ್ವೇರಿಯಂ ವ್ಯಾಪಾರಿಗಳ ಕಣ್ಣಿಗೆ ಬಿತ್ತು. ವರ್ಷಕ್ಕೆ ಲಕ್ಷಗಟ್ಟಲೆ ಹಿಡಿದು ಮಾರಿದರು. 2007ರಲ್ಲಿ ಐಯುಸಿಎನ್ (ಜಗತ್ತಿನ ಕಾಡುಜೀವಿಗಳ ಸ್ಥಿತಿ ಅಳೆಯುವ ಸಂಸ್ಥೆ) ಇದನ್ನು ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿತು. ಬಹುಪಾಲು ಸಮುದ್ರ ಮೀನುಗಳ ಮರಿಗಳು ನೀರಿನ ಸೆಳೆತದಲ್ಲಿ ತೇಲಿ ದೂರ ಹೋಗುತ್ತವೆ. ಇದರದ್ದು ಹಾಗಲ್ಲ. ಅಪ್ಪ ಮೀನು ಮೊಟ್ಟೆಗಳನ್ನು ಸುಮಾರು 20 ದಿನ ಬಾಯಲ್ಲೇ ಇಟ್ಟುಕೊಳ್ಳುತ್ತದೆ. ಒಡೆದ ಮೇಲೂ ಒಂದು ವಾರದಷ್ಟು ಮರಿಗಳು ಅಲ್ಲೇ. ಹೊರಗೆ ಬಂದವು ಹತ್ತಿರದ ಕಡಲಚೆಂಡಿನ (ಸೀ ಅರ್ಚಿನ್, ಮೈತುಂಬ ಮುಳ್ಳಿರುವ ಕಡಲ ಜೀವಿ) ಮುಳ್ಳಿನ ಸಂದಿಯಲ್ಲೇ ಬೆಳೆಯುತ್ತವೆ. ಹಾಗಾಗಿ ಒಂದು ಜಾಗ ಬರಿದಾದರೆ ಬೇರೆ ಕಡೆಯಿಂದ ಮರಿ ಬಂದು ತುಂಬುವುದು ತೀರಾ ಕಷ್ಟ. ಆದರೆ ಇದೇ ಗುಣದಿಂದ ಮನೆಯಲ್ಲಿ ಮರಿ ಮಾಡಿಸುವುದು ಸುಲಭ ಕೂಡ.

ಶಿವಾಜಿನಗರದ ಅಂಗಡಿಗೇ ಹೋಗಿ, ಬೇರೆಲ್ಲಿಗೇ ಹೋಗಿ, ಮೊದಲು ಕೇಳಿ: “ಅಣ್ಣಾ, ಇದು ಸಾಕಿದ್ದಾ, ಹಿಡಿದಿದ್ದಾ?” “ಇಂಪೋರ್ಟ್ ಸಾರ್” ಅಂದರೆ ಅದು ಉತ್ತರವಲ್ಲ. ಹೊರದೇಶದಲ್ಲಿ ಸಾಕಿದ್ದೂ ಇಂಪೋರ್ಟೇ ಅಲ್ವಾ? ಎದುರಿಗೇ ನಾಲ್ಕು ಕಾಳು ಪೆಲೆಟ್ ಹಾಕಿಸಿ. ತೊಟ್ಟಿಯಲ್ಲಿ ಹುಟ್ಟಿದ್ದು ಸಾಮಾನ್ಯವಾಗಿ ಓಡಿ ಬಂದು ನುಂಗುತ್ತದೆ, ಹಿಡಿದು ತಂದದ್ದು ಒಣ ಕಾಳನ್ನು ಮೂಸಿಯೂ ನೋಡದಿರಬಹುದು. ಎಲ್ಲ ಒಂದೇ ಅಳತೆಯ ಚಿಕ್ಕ ಮರಿಗಳಾಗಿದ್ದರೆ ಒಳ್ಳೆಯ ಸೂಚನೆ. ಹೊಟ್ಟೆ ಒಳಗೆ ಹೋಗಿ, ಮೈ ಕಪ್ಪಾಗಿ, ಬಿಳಿ ದಾರದಂತೆ ಹಿಕ್ಕೆ ಹಾಕುತ್ತಿದ್ದರೆ ಬೇಡವೇ ಬೇಡ. ಈ ಮೀನಿಗೆ ಬರುವ ಒಂದು ವೈರಸ್ ಇದೆ, ಅದಕ್ಕೆ ಔಷಧಿ ಇಲ್ಲ. ಪಾಪ ಅಂತ ಕೊಂಡರೆ ಆ ಜಾಗಕ್ಕೆ ಅಂಗಡಿಯವರು ಇನ್ನೊಂದನ್ನು ತರಿಸುತ್ತಾರೆ.

ನೀರಿನ ವಿಷಯ ಚಿಕ್ಕದು. ಕಾವೇರಿ ನೀರು, ಬೋರ್ ನೀರು ಎರಡನ್ನೂ ನೇರ ಹಾಕಬೇಡಿ. ಆರ್‌ಒ ನೀರಿಗೆ ಸಮುದ್ರದ ಉಪ್ಪಿನ ಮಿಕ್ಸ್ ಸೇರಿಸಿ, ಸಾಂದ್ರತೆ 1.025, ಬಿಸಿ 25–27 ಡಿಗ್ರಿ. ಕರೆಂಟ್ ಹೋದಾಗಿನ ಮಟ್ಟಿಗೆ ಬ್ಯಾಟರಿ ಏರ್ ಪಂಪ್ ಇರಲಿ. ಹೊಸ ಮೀನನ್ನು ಒಂದು ತಿಂಗಳು ಬೇರೆ ತೊಟ್ಟಿಯಲ್ಲಿಡಿ.

ಗಂಡು ಹೆಣ್ಣು ಗುರುತಿಸುವುದು ಕಷ್ಟ. ಐದಾರು ಮರಿ ಒಟ್ಟಿಗೆ ಬೆಳೆಸಿ. ಎರಡು ಜೊತೆಯಾಗಿ ಉಳಿದವನ್ನು ಓಡಿಸತೊಡಗಿದರೆ ಜೋಡಿ ಆಯಿತು. ಓಡಿಸಿಕೊಂಡವನ್ನು ತಕ್ಷಣ ಬೇರೆ ಮಾಡಿ, ಇಲ್ಲದಿದ್ದರೆ ಸಾಯುತ್ತವೆ. ಒಂದು ಮೀನಿನ ಗದ್ದ ಉಬ್ಬಿ, ಊಟ ಬಿಟ್ಟು ಮೂಲೆ ಹಿಡಿದರೆ ಅದೇ ಅಪ್ಪ. ಬಲೆ ಹಾಕಿ ಗಾಬರಿ ಮಾಡಬೇಡಿ, ಮೊಟ್ಟೆ ಉಗುಳಿಬಿಡುತ್ತದೆ. ಮೂರನೇ ವಾರ ಮುಗಿಯುತ್ತಿದ್ದಂತೆ, ದೀಪ ಆರಿದ ಮೇಲೆ, ನೀರಿನ ಸಮೇತ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮೆಲ್ಲಗೆ ಮರಿಗಳ ತೊಟ್ಟಿಗೆ ಸಾಗಿಸಿ. ಮರಿ ಬಿಟ್ಟ ಮೇಲೆ ಅಪ್ಪನನ್ನು ವಾಪಸ್ ತಂದು ಚೆನ್ನಾಗಿ ತಿನ್ನಿಸಿ.

ಮರಿಗಳಿಗೆ ಅಡಗಲು ಮುಳ್ಳು ಬೇಕು. ನಿಜವಾದ ಕಡಲಚೆಂಡು ತರಬೇಡಿ. ತೂತು ಕೊರೆದ ಪ್ಲಾಸ್ಟಿಕ್ ಚೆಂಡಿಗೆ ಕಪ್ಪು ಕೇಬಲ್ ಟೈಗಳನ್ನು ಸುತ್ತಲೂ ಚುಚ್ಚಿ, ಒಳಗೆ ಒಂದು ಕಲ್ಲಿಟ್ಟು ಮುಳುಗಿಸಿ. ಬಿಟ್ಟ ಸ್ವಲ್ಪ ಹೊತ್ತಿಗೇ ಉಗುರಿಗಿಂತ ಚಿಕ್ಕ ಮರಿಗಳು ಆ ಕಡ್ಡಿಗಳ ನಡುವೆ ತಲೆ ತಗ್ಗಿಸಿ ಸಾಲಾಗಿ ನಿಲ್ಲುತ್ತವೆ, ಪಟ್ಟೆ ಸಮೇತ ದೊಡ್ಡವರ ಪಡಿಯಚ್ಚು. ಮೊದಲ ದಿನದಿಂದಲೇ ಆಗಷ್ಟೇ ಮೊಟ್ಟೆಯೊಡೆದ ಆರ್ಟೀಮಿಯಾ (ಕಣ್ಣಿಗೆ ಕಂಡೂ ಕಾಣದಂಥ ಉಪ್ಪುನೀರಿನ ಸಿಗಡಿ ಮರಿ) ಕೊಡಿ. ಬರೀ ಆರ್ಟೀಮಿಯಾ ಸಾಲದು. ಒಮೆಗಾ ಎಣ್ಣೆಯ ದ್ರಾವಣದಲ್ಲಿ ಅದನ್ನು ಕೆಲವು ಗಂಟೆ ಬಿಟ್ಟು ಆಮೇಲೆ ಹಾಕಿ. ಇಲ್ಲದಿದ್ದರೆ ದೀಪ ಹಾಕಿದ ಗಾಬರಿಗೇ ಮರಿಗಳು ಒದ್ದಾಡಿ ಸಾಯುವುದುಂಟು.

ಒಂದೆರಡು ತಿಂಗಳಲ್ಲಿ ಪೆಲೆಟ್ ಅಭ್ಯಾಸ ಮಾಡಿಸಿ, ಕೇಳಿದವರಿಗೆ ಕೊಡಿ. ಜೊತೆಗೆ ಒಂದು ಚೀಟಿ: ಯಾವ ಜೋಡಿಯ ಮರಿ, ಹುಟ್ಟಿದ ತಾರೀಖು, ಏನು ತಿನ್ನುತ್ತದೆ. ಅಣ್ಣ-ತಂಗಿಯನ್ನೇ ಮತ್ತೆ ಜೋಡಿ ಮಾಡದಂತೆ ಅವರು ಇನ್ನೊಬ್ಬರ ಮನೆಯ ಮರಿಯ ಜೊತೆ ಬದಲಾಯಿಸಿಕೊಳ್ಳಬಹುದು.