ರಾತ್ರಿ ಕಳೆಯುವಷ್ಟರಲ್ಲಿ ಕಾರಿನ ಬ್ಯಾಟರಿ ಡೌನ್: ಕರೆಂಟ್ ಸೋರುವ ಜಾಗ ಪತ್ತೆ ಹೇಗೆ?

ಸಂಜೆ ಸರಿಯಾಗಿಯೇ ಇದ್ದ ಕಾರು ಬೆಳಿಗ್ಗೆ ಕೀ ತಿರುಗಿಸಿದರೆ ‘ಟಿಕ್ ಟಿಕ್’ ಎಂದು ಸುಮ್ಮನಾಗುತ್ತದೆ. ವೈರಿಂಗ್ ಬಿಚ್ಚುವ ಮೊದಲು ಒಂದು ಲೆಕ್ಕ ಹಾಕಿ. ಡಿಕ್ಕಿಯ 5 ವ್ಯಾಟ್ ಬಲ್ಬು ಆರದೇ ಉಳಿದರೆ ಎಳೆಯುವುದು ಸುಮಾರು 0.4 ಆಂಪಿಯರ್. 12 ಗಂಟೆಗೆ 5 ಆಂಪಿಯರ್-ಅವರ್ (ಆಂಪಿಯರ್ ಗುಣಿಸು ಗಂಟೆ) ಆಯಿತು. ಪೂರ್ತಿ ಚಾರ್ಜ್ ಆದ 45 ಆಂಪಿಯರ್-ಅವರ್ ಬ್ಯಾಟರಿ ಇಷ್ಟಕ್ಕೆಲ್ಲ ಮಲಗುವುದಿಲ್ಲ. ಒಂದೇ ರಾತ್ರಿಗೆ ಮಲಗಿತು ಎಂದರೆ ಸೋರಿಕೆ ಎರಡು-ಮೂರು ಆಂಪಿಯರ್‌ನಷ್ಟು ದೊಡ್ಡದಿರಬೇಕು, ಇಲ್ಲವೇ ಬ್ಯಾಟರಿಗೇ ವಯಸ್ಸಾಗಿರಬೇಕು, ಅಥವಾ ಹಿಂದಿನ ದಿನ ಅದು ತುಂಬಿಯೇ ಇರಲಿಲ್ಲ. ಕೊನೆಯ ಎರಡನ್ನು ತಳ್ಳಿಹಾಕಿದ ಮೇಲೆಯೇ ಸೋರಿಕೆ ಹುಡುಕಬೇಕು.

ಮೊದಲು ಬ್ಯಾಟರಿ, ಆಮೇಲೆ ಕಾರು

ಬ್ಯಾಟರಿಯನ್ನು ಚಾರ್ಜರ್‌ನಿಂದ ಪೂರ್ತಿ ತುಂಬಿಸಿ, ಕೆಲವು ಗಂಟೆ ಹಾಗೇ ಬಿಟ್ಟು, ಮಲ್ಟಿಮೀಟರನ್ನು ಡಿಸಿ ವೋಲ್ಟ್‌ಗೆ ಇಟ್ಟು ಅಳೆಯಿರಿ. 12.6 ವೋಲ್ಟ್ ಅಥವಾ ತುಸು ಹೆಚ್ಚು ಬರಬೇಕು. 12.2 ಎಂದರೆ ಅರ್ಧ ಖಾಲಿ. ಈಗ 10 ಎಂಎಂ ಸ್ಪ್ಯಾನರ್‌ನಿಂದ (ಬಹುತೇಕ ಕಾರುಗಳಿಗೆ ಅದೇ) ನೆಗೆಟಿವ್ ಕ್ಲ್ಯಾಂಪ್ ಬಿಚ್ಚಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ವೋಲ್ಟೇಜ್ ಹೆಚ್ಚುಕಡಿಮೆ ಅಷ್ಟೇ ಇದ್ದರೆ ಕಳ್ಳ ಕಾರಿನೊಳಗಿದ್ದಾನೆ. 10.5ರ ಆಸುಪಾಸಿಗೆ ಬಿದ್ದಿದ್ದರೆ ಬ್ಯಾಟರಿಯ ಆರು ಸೆಲ್‌ಗಳಲ್ಲಿ ಒಂದು ಹೋಗಿದೆ. ಫ್ಯೂಸ್ ಹುಡುಕುತ್ತ ಕೂರುವುದು ವ್ಯರ್ಥ.

ಕ್ಲ್ಯಾಂಪ್ ಮರಳಿ ಹಾಕಿ ಎಂಜಿನ್ ಚಾಲೂ ಮಾಡಿ. ಟರ್ಮಿನಲ್‌ಗಳ ನಡುವೆ 13.8ರಿಂದ 14.7 ವೋಲ್ಟ್ ಸಿಗಬೇಕು. ಹೊಸ ಮಾದರಿಯ ಕೆಲವು ಕಾರುಗಳು ಬ್ಯಾಟರಿ ತುಂಬಿದಾಗ ತಾವೇ ಚಾರ್ಜಿಂಗ್ ತಗ್ಗಿಸುತ್ತವೆ, ಆದ್ದರಿಂದ ಹೆಡ್‌ಲೈಟ್ ಹಾಕಿಯೂ ನೋಡಿ. ಆಗಲೂ 12.5 ದಾಟದಿದ್ದರೆ ಆಲ್ಟರ್ನೇಟರ್ (ಎಂಜಿನ್ ಓಡುವಾಗ ಬ್ಯಾಟರಿ ತುಂಬುವ ಜನರೇಟರ್), ಅದರ ಬೆಲ್ಟ್ ಅಥವಾ ಸಡಿಲ ಟರ್ಮಿನಲ್ ಮೇಲೆ ಅನುಮಾನಪಡಿ. ದಿನಾ ಎರಡು-ಮೂರು ಕಿಲೋಮೀಟರ್ ಮಾತ್ರ ಓಡುವ ಕಾರಿನಲ್ಲಿ ಏನೂ ಕೆಡದೆಯೂ ಬ್ಯಾಟರಿ ಬರಿದಾಗುತ್ತದೆ: ಸೆಲ್ಫ್ ಹೊಡೆಯಲು ಖರ್ಚಾದದ್ದೇ ಮರಳಿ ತುಂಬುವುದಿಲ್ಲ.

ಸೋರಿಕೆ ಅಳೆಯುವ ಬಗೆ

ಕೀ ತೆಗೆದು, ಎಲ್ಲ ಸ್ವಿಚ್ ಆರಿಸಿ. ಬಾಗಿಲು ತೆರೆದೇ ಇಟ್ಟುಕೊಂಡು ಅದರ ಲಾಚನ್ನು ಸ್ಕ್ರೂಡ್ರೈವರ್‌ನಿಂದ ಒತ್ತಿ ಮುಚ್ಚಿದ ಸ್ಥಿತಿಗೆ ತನ್ನಿ. ಬಾನೆಟ್ ಲಾಚ್‌ಗೂ ಹಾಗೆಯೇ. ಬಾಗಿಲು ಮುಚ್ಚಿದೆ ಎಂದು ಕಾರು ನಂಬದಿದ್ದರೆ ಅದು ಮಲಗುವುದಿಲ್ಲ, ಅಂದರೆ ಅದರ ಎಲೆಕ್ಟ್ರಾನಿಕ್ಸ್ ಕಡಿಮೆ ಕರೆಂಟಿನ ನಿದ್ದೆಗೆ ಹೋಗುವುದಿಲ್ಲ. ಕೀಲೆಸ್ ಕಾರಾದರೆ ರಿಮೋಟನ್ನು ಹತ್ತು ಮೀಟರಾದರೂ ದೂರ ಇಡಿ.

ಮೀಟರಿನ ಕೆಂಪು ವೈರನ್ನು 10 ಆಂಪಿಯರ್ ತೂತಿಗೆ ಹಾಕಿ, ಡಿಸಿ ಆಂಪಿಯರ್ ಆರಿಸಿ. ಹೀಗೆ ಇಟ್ಟ ಮೀಟರನ್ನು ಅಪ್ಪಿತಪ್ಪಿಯೂ ಪಾಸಿಟಿವ್-ನೆಗೆಟಿವ್‌ಗೆ ಅಡ್ಡ ಹಿಡಿಯಬೇಡಿ, ನೇರ ಶಾರ್ಟ್ ಆಗುತ್ತದೆ. ನೆಗೆಟಿವ್ ಕ್ಲ್ಯಾಂಪ್ ಬಿಚ್ಚಿ, ಮೀಟರಿನ ಒಂದು ತುದಿಯನ್ನು ಬ್ಯಾಟರಿಯ ನೆಗೆಟಿವ್ ಪೋಸ್ಟಿಗೆ, ಇನ್ನೊಂದನ್ನು ಬಿಚ್ಚಿದ ಕ್ಲ್ಯಾಂಪಿಗೆ ಸಿಕ್ಕಿಸಿ. ಅದರ ಜೊತೆಗೇ ದಪ್ಪ ಜಂಪರ್ ವೈರೊಂದನ್ನು ಅವೇ ಎರಡು ಕಡೆಗೆ ಹಾಕಿಟ್ಟರೆ ಆರಂಭದ ಹೆಚ್ಚಿನ ಕರೆಂಟು ಅದರಲ್ಲೇ ಹರಿದು ಮೀಟರಿನ ಫ್ಯೂಸ್ ಉಳಿಯುತ್ತದೆ. ಮೀಟರ್ ಸಿಕ್ಕಿಸಿರುವಾಗ ಸೆಲ್ಫ್ ಹೊಡೆಯಲೇಬಾರದು.

ಕಾರನ್ನು ಲಾಕ್ ಮಾಡಿ ಕಾಯಿರಿ. ಇಲ್ಲಿ ಅವಸರವೇ ಹೆಚ್ಚಿನವರನ್ನು ದಾರಿ ತಪ್ಪಿಸುವುದು. ಕಂಟ್ರೋಲ್ ಯೂನಿಟ್‌ಗಳು (ಕಾರಿನ ಸಣ್ಣ ಕಂಪ್ಯೂಟರ್‌ಗಳು) ಒಂದೊಂದಾಗಿ ನಿದ್ದೆಗೆ ಜಾರಲು 20 ನಿಮಿಷದಿಂದ ಒಂದು ಗಂಟೆ ಬೇಕು. ಐದನೇ ನಿಮಿಷಕ್ಕೆ ಅಳೆದರೆ ಆರೋಗ್ಯವಂತ ಕಾರೂ ರೋಗಿಯಂತೆ ಕಾಣುತ್ತದೆ. ಜಂಪರ್ ತೆಗೆದ ಮೇಲೆ 0.02ರಿಂದ 0.05 ಆಂಪಿಯರ್ ತೋರಿಸಿದರೆ ಚಿಂತೆಯಿಲ್ಲ. ಗಡಿಯಾರ, ಅಲಾರಂ, ರಿಮೋಟ್ ರಿಸೀವರ್‌ಗಳ ಪಾಲು ಅದು. 0.1 ದಾಟಿ ನಿಂತಲ್ಲೇ ನಿಂತರೆ ಹುಡುಕಾಟ ಶುರು.

ಫ್ಯೂಸಿನಿಂದ ಫ್ಯೂಸಿಗೆ

ಫ್ಯೂಸ್‌ಗಳನ್ನು ಒಂದೊಂದಾಗಿ ಕೀಳುವುದು ಹಳೆಯ ಪದ್ಧತಿ. ಯಾವುದನ್ನು ಕಿತ್ತಾಗ ಅಂಕಿ ದಪ್ಪನೆ ಇಳಿಯುತ್ತದೋ ದೋಷ ಆ ಸರ್ಕ್ಯೂಟಿನಲ್ಲಿದೆ. ಆದರೆ ಕಿತ್ತು ಮರಳಿ ಹಾಕಿದರೆ ಮಲಗಿದ ಯೂನಿಟ್‌ಗಳು ಎಚ್ಚರಗೊಂಡು, ಮತ್ತೆ ಕಾಯುವ ಕೆಲಸ. ಅದಕ್ಕಿಂತ ಇನ್ನೊಂದು ಮೀಟರನ್ನು ಮಿಲಿವೋಲ್ಟ್‌ಗೆ ಇಟ್ಟು, ಫ್ಯೂಸಿನ ತಲೆಯ ಮೇಲೆ ಕಾಣುವ ಎರಡು ಲೋಹದ ಚುಕ್ಕೆಗಳನ್ನು ಮುಟ್ಟಿ ನೋಡುವುದು ಜಾಣತನ. ಸೊನ್ನೆ ಬಂದರೆ ಆ ದಾರಿಯಲ್ಲಿ ಕರೆಂಟಿಲ್ಲ; ಅರ್ಧ, ಒಂದು ಮಿಲಿವೋಲ್ಟ್ ಬಂದರೂ ಏನೋ ಹರಿಯುತ್ತಿದೆ. ಆ ಫ್ಯೂಸ್ ಯಾವುದಕ್ಕೆಂದು ಮುಚ್ಚಳದ ನಕ್ಷೆಯಲ್ಲಿ ನೋಡಿ.

ಸಿಕ್ಕಿಬೀಳುವವರು ಬಹುಪಾಲು ಹಳೇ ಪರಿಚಿತರೇ: ಆರದ ಡಿಕ್ಕಿ ಅಥವಾ ಗ್ಲೋವ್‌ಬಾಕ್ಸ್ ದೀಪ, ಅಂಟಿಕೊಂಡ ರಿಲೇ (ಕರೆಂಟಿನಿಂದ ಕೆಲಸ ಮಾಡುವ ಸ್ವಿಚ್), ಇಗ್ನಿಷನ್ ವೈರಿಗೆ ಬದಲು ನೇರ ಬ್ಯಾಟರಿ ಲೈನಿಗೆ ಜೋಡಿಸಿದ ಸ್ಟೀರಿಯೋ, ಡ್ಯಾಶ್‌ಕ್ಯಾಮ್, ಜಿಪಿಎಸ್ ಟ್ರ್ಯಾಕರ್. ಹೊರಗಿನಿಂದ ಹಾಕಿಸಿದ ಉಪಕರಣವಿದ್ದರೆ ಮೊದಲು ಅದನ್ನೇ ಕಳಚಿ ನೋಡಿ, ಅರ್ಧ ದಿನ ಉಳಿಯಬಹುದು. ರಿಲೇ ಅಂಟಿದೆಯೇ ಎಂದು ತಿಳಿಯಲು ಮುಟ್ಟಿದರೂ ಸಾಕು. ನಿಂತ ಕಾರಿನಲ್ಲಿ ಬೆಚ್ಚಗಿರುವ ರಿಲೇಗೆ ಕೆಲಸವೇ ಇರಬಾರದಿತ್ತು.

ಯಾವ ಫ್ಯೂಸೂ ಉತ್ತರ ಕೊಡದಿದ್ದರೆ ಆಲ್ಟರ್ನೇಟರ್‌ನ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಸೋರುತ್ತಿರಬಹುದು. ಅದರ ದಪ್ಪ ವೈರು ಸಣ್ಣ ಫ್ಯೂಸ್‌ಗಳ ಮೂಲಕ ಹಾಯುವುದಿಲ್ಲ. ಬ್ಯಾಟರಿ ಸಂಪರ್ಕ ತಪ್ಪಿಸಿ ಆ ವೈರನ್ನು ಬಿಚ್ಚಿ, ತುದಿಗೆ ಟೇಪ್ ಸುತ್ತಿ, ಮೀಟರ್ ಮತ್ತೆ ಸಿಕ್ಕಿಸಿ ಕಾರು ಮಲಗುವವರೆಗೆ ಕಾದು ಅಳೆಯಿರಿ. ಅಂಕಿ ಇಳಿದರೆ ದೋಷ ಅಲ್ಲೇ.

ರಿಪೇರಿ ಮುಗಿದ ಮೇಲೆ ಇದೇ ಅಳತೆಯನ್ನು ಇನ್ನೊಮ್ಮೆ ಮಾಡಿ, ಏಕೆಂದರೆ ಸೋರಿಕೆ ಎರಡು ಕಡೆ ಇರುವುದೂ ಉಂಟು. ನೆಗೆಟಿವ್ ಕ್ಲ್ಯಾಂಪನ್ನು ಕೊನೆಗೆ ಬಿಗಿಮಾಡಿ. ಗಡಿಯಾರ, ರೇಡಿಯೋ ಕೋಡ್, ಪವರ್ ವಿಂಡೋ ಮತ್ತೆ ಸೆಟ್ ಮಾಡಬೇಕಾಗಬಹುದು.