ಮಳೆಗಾಲದ ಮಾಳ: ನಾನು ಕಟ್ಟುವ ಬಗೆ

ತೀರ್ಥಹಳ್ಳಿ ಸೀಮೆಯಲ್ಲಿ ಕಾಡಂಚಿನ ಗದ್ದೆ ಇದ್ದವರಿಗೆ ಭತ್ತ ಹೊಡೆ ಬಿಚ್ಚುವ ಹೊತ್ತಿಗೆ ಕಾಡುಹಂದಿ ನುಗ್ಗದಂತೆ ಗದ್ದೆ ಕಾಯುವ ಕೆಲಸ ಶುರು. ಮಳೆ ಇನ್ನೂ ಬಿಟ್ಟಿರುವುದಿಲ್ಲ. ಹಸ್ತ, ಚಿತ್ತೆ ಮಳೆ ರಾತ್ರಿಯೇ ಹೊಡೆಯುತ್ತವೆ. ಹಾಗಾಗಿ ಅದಕ್ಕೂ ಮುಂಚಿನ ಹುಬ್ಬೆ ಮಳೆ ಸ್ವಲ್ಪ ಹೊಳವಾದಾಗಲೇ ನಾನು ಮಾಳ, ಅಂದರೆ ಕಾವಲು ಕೂರುವ ಅಟ್ಟಣೆ, ಕಟ್ಟಿಕೊಳ್ಳುತ್ತೇನೆ.

ಮಾಳ ಎಂದರೆ ಎಲ್ಲರೂ ಮೊದಲು ಮಾಡಿನ (ಚಾವಣಿಯ) ಯೋಚನೆ ಮಾಡುತ್ತಾರೆ. ನಾನು ಕಾಲಿನಿಂದ ಶುರು ಮಾಡುತ್ತೇನೆ. ನಮ್ಮಲ್ಲಿ ಮನುಷ್ಯನನ್ನು ಸೋಲಿಸುವುದು ಮೇಲಿನ ನೀರಿಗಿಂತ ನೆಲದ ತೇವ, ರಕ್ತ ಹೀರುವ ಉಂಬಳ (ಜಿಗಣೆ). ಜಾಗವನ್ನು ಗದ್ದೆಯ ಒಳಗಲ್ಲ, ನೀರು ನಿಲ್ಲದ ದರೆಯ ಅಂಚಿನಲ್ಲಿ ಹಿಡಿಯುತ್ತೇನೆ. ತಲೆ ಮೇಲೆ ಒಣಗಿದ ಕೊಂಬೆ ಇರಬಾರದು, ಒಂಟಿ ಎತ್ತರದ ಮರದ ಬುಡವಂತೂ ಸಿಡಿಲಿನ ಭಯಕ್ಕೆ ಬೇಡವೇ ಬೇಡ.

ಹಳೇ ಕೊಟ್ಟಿಗೆ ಬಿಚ್ಚಿದಾಗ ಉಳಿದ ಮತ್ತಿಮರದ ಕವೆಗಂಬ (ತುದಿ ಕವಲೊಡೆದ ಕಂಬ) ನಾಲ್ಕು ನನ್ನಲ್ಲಿವೆ. ಎರಡು ಅಡಿ ಗುಂಡಿ ತೋಡಿ, ಕಂಬ ಇಳಿಸಿ, ಸುತ್ತ ಜಂಬಿಟ್ಟಿಗೆ (ಕೆಂಪು ಮುರಕಲ್ಲು) ಚೂರು ಹಾಕಿ ಗುದ್ದುತ್ತೇನೆ. ಬರೀ ಮಣ್ಣು ಹಾಕಿದರೆ ಮಳೆಗೆ ಕೆಸರಾಗಿ ಕಂಬ ಅಲುಗುತ್ತದೆ. ಬುಡ ಹೊರಕ್ಕೆ, ತಲೆ ತುಸು ಒಳಕ್ಕೆ ವಾಲಿರಬೇಕು. ಅಡ್ಡ ಹಾಕುವ ಬಿದಿರಿನ ಗಳಗಳನ್ನು ಕವೆಯಲ್ಲೇ ಕೂರಿಸಬೇಕು. ಭಾರವನ್ನು ಕವೆ ಹೊರಬೇಕು, ಹಗ್ಗ ಹಿಡಿದುಕೊಂಡರೆ ಸಾಕು. ನಾನು ತೆಂಗಿನ ನಾರಿನ ಹಗ್ಗವನ್ನೇ ಬಳಸುವುದು. ಪ್ಲಾಸ್ಟಿಕ್ ಹಗ್ಗ ನುಣುಪು ಬಿದಿರಿನ ಮೇಲೆ ಜಾರುತ್ತದೆ. ಕಂಬಗಳ ನಡುವೆ ಕತ್ತರಿಯಾಗಿ ಎರಡು ಗಳ ಬಿಗಿದರೆ ಗಾಳಿಗೆ ತೂಗಾಡುವುದಿಲ್ಲ.

ಬಿದಿರನ್ನು ಕಡಿದು ಕೆಲವು ವಾರ ಹಳ್ಳದಲ್ಲಿ ಮುಳುಗಿಸಿಟ್ಟಿದ್ದರೆ ಅದರೊಳಗಿನ ಪಿಷ್ಟ ತೊಳೆದುಹೋಗಿ ಕುಟ್ಟೆ ಹುಳ ಕಡಿಮೆ. ಗಳದ ತುದಿಯನ್ನು ಗಿಣ್ಣಿನ ಮೇಲಕ್ಕೇ ಕತ್ತರಿಸಬೇಕು, ಇಲ್ಲವಾದರೆ ಬಾಯಲ್ಲಿ ನೀರು ನಿಂತು ಸೊಳ್ಳೆ ಮರಿಯಾಗುತ್ತದೆ.

ಹಾಸು ನೆಲದಿಂದ ಐದು ಅಡಿ ಮೇಲೆ. ಅಡಿಕೆ ಮರ ಸೀಳಿದ ದಬ್ಬೆಗಳನ್ನು ಬೆನ್ನು ಮೇಲಾಗಿ, ಒಂದು ಬೆರಳು ಸಂದು ಬಿಟ್ಟು ಹಾಸುತ್ತೇನೆ. ಎರಚಲು ಬಿದ್ದರೂ ನೀರು ಇಳಿದುಹೋಗುತ್ತದೆ, ಕೆಳಗಿನಿಂದ ಗಾಳಿಯೂ ಆಡುತ್ತದೆ. ಹಾಸಿನ ಕೆಳಗೆ, ನೆಲದ ಮೇಲೆ ಹಳೇ ಬಾಣಲೆಯಲ್ಲಿ ಕೆಂಡ ಇಟ್ಟು ತೆಂಗಿನ ಸಿಪ್ಪೆ ಮುಚ್ಚಿದರೆ, ಅದೇ ಸಂದಿನಲ್ಲಿ ಹೊಗೆ ಏರಿ ಸೊಳ್ಳೆ ಓಡಿಸಿ ಮಾಡನ್ನೂ ಒಣಗಿಸುತ್ತದೆ. ಉರಿ ಏಳಲು ಬಿಡಬಾರದು, ಮೇಲಿರುವುದು ಸೋಗೆ, ಅಂದರೆ ಒಣಗಿದ ಅಡಿಕೆ ಗರಿ.

ಮಾಡಿಗೆ ಬರೀ ಟಾರ್ಪಾಲ್ ಹೊದಿಸುವವರು ಈಗ ಹೆಚ್ಚು. ನೀರು ತಡೆಯುತ್ತದೆ, ಒಪ್ಪುತ್ತೇನೆ. ಆದರೆ ಅದರ ಮೇಲೆ ಮಳೆ ಬಡಿಯುವ ಸದ್ದಿಗೆ ಹಂದಿ ಪಕ್ಕದಲ್ಲೇ ಬಂದರೂ ಕೇಳುವುದಿಲ್ಲ; ಕಾಯುವವನಿಗೆ ಕಿವಿಯೇ ಕಣ್ಣು. ಆದ್ದರಿಂದ ಟಾರ್ಪಾಲ್ ಕೆಳಗೆ, ಅದರ ಮೇಲೆ ಎರಡು ಪದರ ಒಣ ಅಡಿಕೆ ಸೋಗೆ. ಇಳಿಜಾರು ಕಡಿದಾಗಿರಬೇಕು, ಸೂರು ಹಾಸಿಗಿಂತ ಒಂದೂವರೆ ಅಡಿ ಹೊರಚಾಚಿರಬೇಕು. ಗಾಳಿ-ಮಳೆ ಪಡುವಣದಿಂದ ಬರುವುದರಿಂದ ಆ ಕಡೆಗೆ ಪೂರ್ತಿ ತಟ್ಟಿ. ಗದ್ದೆ ಇರುವ ಮೂಡುಗಡೆ ತೆರೆದಿರುತ್ತದೆ.

ಉಂಬಳ ಕಂಬ ಹತ್ತದಂತೆ ಸುಣ್ಣ-ಹೊಗೆಸೊಪ್ಪಿನ ನೀರಲ್ಲಿ ನೆನೆಸಿದ ಬಟ್ಟೆಯನ್ನು ಪ್ರತಿ ಕಾಲಿಗೂ ಸುತ್ತುತ್ತೇನೆ. ಜೋರು ಮಳೆ ಬಂದ ಮರುದಿನ ಹೊಸದಾಗಿ ಅದ್ದಬೇಕು. ಕೊಯ್ಲಾದ ಮೇಲೆ ದಬ್ಬೆ, ಟಾರ್ಪಾಲ್ ಕೊಟ್ಟಿಗೆ ಅಟ್ಟಕ್ಕೆ ಹೋಗುತ್ತವೆ, ಸೋಗೆ ಗೊಬ್ಬರದ ಗುಂಡಿಗೆ.